ಕೆಳಹೊಟ್ಟೆಗೆ ಅಂತ ಬೇರೆ ಎಕ್ಸರ್‌ಸೈಜ್ ಇಲ್ಲ ಕಣ್ರೀ

"ಮೇಡಂ, ಮೇಲಿನ ಹೊಟ್ಟೆ ಪರವಾಗಿಲ್ಲ, ಈ ಹೊಕ್ಕಳ ಕೆಳಗಿಂದೊಂದು ಹೋಗ್ತಾನೇ ಇಲ್ಲ, ಅದಕ್ಕೆ ಅಂತ ಏನಾದ್ರೂ ಎಕ್ಸರ್‌ಸೈಜ್ ಹೇಳಿ."

ನಾನು ಫಿಸಿಯೋಥೆರಪಿ ಮಾಡೋಳು. ಮಂಡಿನೋವು ಅಂತ ಬಂದವ್ರು, ಕುತ್ತಿಗೆ ಹಿಡ್ಕೊಂಡಿದೆ ಅಂತ ಬಂದವ್ರು, ಎಲ್ಲಾ ಮುಗಿದು ಚಪ್ಪಲಿ ಹಾಕ್ಕೊಳ್ಳೋ ಹೊತ್ತಿಗೆ ದನಿ ಇಳಿಸಿ ಕೇಳೋದು ಇದೇ ಪ್ರಶ್ನೆ. ಒಂದ್ಸಲ ಪೂರ್ತಿ ಬರೆದು ಹಾಕಿಬಿಟ್ರೆ ಮುಂದೆ ಕೇಳಿದವ್ರಿಗೆಲ್ಲ ಇದನ್ನೇ ಕಳಿಸಬಹುದು ಅಂತ ಕೂತಿದೀನಿ, ಉದ್ದ ಆಗುತ್ತೆ, ಬೇಜಾರಾಗಬೇಡಿ.

ಬೊಜ್ಜು ಇಳಿಸೋದು ಒಂದು ಕೆಲಸ, ಹೊಟ್ಟೆ ಸ್ನಾಯು ಗಟ್ಟಿ ಮಾಡೋದು ಬೇರೆ ಕೆಲಸ. ಇವೆರಡನ್ನೂ ಒಂದೇ ರೀಲ್ಸಲ್ಲಿ ಸೇರಿಸಿ "ದಿನಕ್ಕೆ ಐದು ನಿಮಿಷ ಮಾಡಿ ಕೆಳಹೊಟ್ಟೆ ಮಾಯ" ಅಂತ ಮಾರ್ತಾರಲ್ಲ, ಅಲ್ಲೇ ಇರೋದು ಮೋಸ. ಹೊಟ್ಟೆ ಮುಂದೆ ಉದ್ದಕ್ಕೆ ಇರೋ ಸ್ನಾಯು, ರೆಕ್ಟಸ್ ಅಬ್ಡಾಮಿನಿಸ್ ಅಂತಾರೆ, ಪಕ್ಕೆಲುಬಿನಿಂದ ಕೆಳಗೆ ಜನನಾಂಗದ ಮೇಲಿನ ಮೂಳೆವರೆಗೂ ಅದು ಒಂದೇ ಉದ್ದನೆ ಸ್ನಾಯು. ಸಿಕ್ಸ್ ಪ್ಯಾಕ್ ಅಂತ ಕಾಣೋ ಗೆರೆಗಳು ಅದರ ಮಧ್ಯೆ ಅಡ್ಡ ಹೋಗಿರೋ ನಾರಿನ ಪಟ್ಟಿಗಳು, ಅಷ್ಟೇ. ಮೇಲಿನ ಆಬ್ಸ್, ಕೆಳಗಿನ ಆಬ್ಸ್ ಅಂತ ಎರಡು ಸ್ನಾಯು ಯಾರಿಗೂ ಇಲ್ಲ. ಕೆಲವು ವ್ಯಾಯಾಮದಲ್ಲಿ ಕೆಳಭಾಗಕ್ಕೆ ಸ್ವಲ್ಪ ಜಾಸ್ತಿ ಕೆಲಸ ಬೀಳುತ್ತೆ ನಿಜ, ಆದ್ರೆ ಸ್ನಾಯು ಕೆಲಸ ಮಾಡಿದ ಮಾತ್ರಕ್ಕೆ ಅದರ ಮೇಲೆ ಕೂತಿರೋ ಕೊಬ್ಬು ಅಲ್ಲಿಂದಲೇ ಖರ್ಚಾಗಲ್ಲ. 2011ರಲ್ಲಿ ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು, 24 ಜನರಲ್ಲಿ ಒಂದು ಗುಂಪಿಗೆ 6 ವಾರ ಬರೀ ಹೊಟ್ಟೆ ವ್ಯಾಯಾಮ ಮಾಡಿಸಿದ್ರು, ಹೊಟ್ಟೆಯ ಶಕ್ತಿ ಹೆಚ್ಚಾಯ್ತು, ಬೊಜ್ಜು ಇದ್ದಲ್ಲೇ ಇತ್ತು. ಅದಕ್ಕೂ ಮೊದಲು 1971ರಲ್ಲಿ ಟೆನಿಸ್ ಆಡೋರ ಎರಡೂ ತೋಳು ಅಳೆದು ನೋಡಿದ್ರು, ವರ್ಷಗಟ್ಟಲೆ ರಾಕೆಟ್ ಬೀಸಿದ ತೋಳಲ್ಲೂ ಸುಮ್ನಿದ್ದ ತೋಳಲ್ಲೂ ಚರ್ಮದಡಿ ಕೊಬ್ಬು ಒಂದೇ ದಪ್ಪ.

ಹಾಗಾದ್ರೆ ಕೊಬ್ಬು ಹೋಗೋದೆಲ್ಲಿಗೆ? ಬೆವರಲ್ಲಿ ಅಂದ್ಕೊಂಡು ಪ್ಲಾಸ್ಟಿಕ್ ಬೆಲ್ಟ್ ಸುತ್ಕೊಂಡು ವಾಕಿಂಗ್ ಹೋಗೋರಿದ್ದಾರೆ. ಬೆವರು ನೀರು ಕಣ್ರೀ, ಮನೆಗೆ ಬಂದು ಎರಡು ಲೋಟ ನೀರು ಕುಡಿದ್ರೆ ತೂಕ ವಾಪಸ್. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ಆಸ್ಟ್ರೇಲಿಯಾದವ್ರು ಲೆಕ್ಕ ಕೊಟ್ಟಿದ್ರು, 10 ಕೆಜಿ ಕೊಬ್ಬು ಕರಗಿದ್ರೆ ಅದರಲ್ಲಿ 8.4 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಲ್ಲೇ ಆಚೆ ಹೋಗುತ್ತೆ, ಉಳಿದ 1.6 ಕೆಜಿ ನೀರಾಗುತ್ತೆ. ಬೆಲ್ಟಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ.

ಕೆಳಹೊಟ್ಟೆದು ಹಠ ಯಾಕೆ ಅಂದ್ರೆ, ಕೊಬ್ಬಿನ ಕೋಶದ ಮೇಲೆ ಅಡ್ರಿನಾಲಿನ್ ಅನ್ನೋ ಹಾರ್ಮೋನ್ ಮಾತು ಕೇಳಿಸ್ಕೊಳ್ಳೋ ರಿಸೆಪ್ಟರ್‌ಗಳು ಎರಡು ಥರ ಇರ್ತವೆ. ಬೀಟಾ ಅನ್ನೋದು ಕೊಬ್ಬು ಬಿಡು ಅನ್ನುತ್ತೆ, ಆಲ್ಫಾ-2 ಅನ್ನೋದು ಬಿಡಬೇಡ ಅನ್ನುತ್ತೆ. ಚರ್ಮದಡಿ ಇರೋ ಕೊಬ್ಬಲ್ಲಿ, ಅದರಲ್ಲೂ ಹೆಂಗಸರ ಸೊಂಟ ತೊಡೆ ಭಾಗದಲ್ಲಿ, ಈ ಎರಡನೇದು ಜಾಸ್ತಿ. ಕೈಲಿ ಹಿಡಿಯೋಕೆ ಸಿಗೋ ಈ ಕೊಬ್ಬು ನಿಧಾನ. ಹೊಟ್ಟೆ ಒಳಗೆ ಕರುಳು ಲಿವರ್ ಸುತ್ತ ಕೂತಿರೋದಿದ್ಯಲ್ಲ, ಶುಗರ್ರು ಹಾರ್ಟು ಅಂತ ನಿಜವಾಗಿ ಭಯ ಪಡಬೇಕಾದ್ದು, ಅದು ತೂಕ ಇಳಿಯೋಕೆ ಶುರುವಾದಾಗ ಬೇಗ ಕರಗೋಕೆ ಶುರುವಾಗುತ್ತೆ. ಅಂದ್ರೆ ಕನ್ನಡಿಲಿ ಏನೂ ಬದಲಾಗಿಲ್ಲ ಅಂತ ಜನ ಬಿಟ್ಟುಬಿಡೋ ಹೊತ್ತಲ್ಲೇ ಒಳಗೆ ಒಳ್ಳೇ ಕೆಲಸ ನಡೀತಿರುತ್ತೆ. ನನಗೆ ಹೊಟ್ಟೆ ಉರಿಯೋದು ಇದೇ ವಿಷಯಕ್ಕೆ.

ಅದಕ್ಕೆ ನಾನು ಹೇಳೋದು, ಕನ್ನಡಿ ಬಿಡಿ, ಟೇಲರ್ ಟೇಪ್ ತಗೊಳ್ಳಿ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯ, ಉಸಿರು ಮಾಮೂಲಾಗಿ ಬಿಟ್ಟ ಮೇಲೆ, ಹೊಟ್ಟೆ ಒಳಗೆ ಎಳ್ಕೊಳ್ಳದೆ ಅಳೀರಿ. ನಮ್ಮ ದೇಶದವ್ರಿಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. "ನಂದು ಇನ್ನೂ 34 ಸೈಜ್ ಪ್ಯಾಂಟೇ ಮೇಡಂ" ಅಂತಾರೆ ಗಂಡಸರು, ಪ್ಯಾಂಟು ಹೊಟ್ಟೆ ಕೆಳಕ್ಕೆ ಜಾರಿ ವರ್ಷಗಳಾಗಿರುತ್ತೆ ಅಂತ ಅವರ ಹೆಂಡತಿಗೆ ಗೊತ್ತು. 2023ರ ಐಸಿಎಂಆರ್-ಇಂಡಿಯಾಬ್ (ದೇಶದ ಸಕ್ಕರೆ ಕಾಯಿಲೆ ಸಮೀಕ್ಷೆ) ವರದಿ ಪ್ರಕಾರ ನಮ್ಮಲ್ಲಿ ಹೊಟ್ಟೆ ಬೊಜ್ಜು ಇರೋರು 39.5%. ಸಣ್ಣಗಿದೀನಿ ನನಗೇನು ಅನ್ನೋರೂ ಕೇಳಿ. 2004ರಲ್ಲಿ ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ನಿಕ್ ಮತ್ತೆ ಬ್ರಿಟನ್ನಿನ ಡಾಕ್ಟರ್ ಜಾನ್ ಯುಡ್ಕಿನ್ ಲ್ಯಾನ್ಸೆಟ್ ಪತ್ರಿಕೆಲಿ ತಮ್ಮಿಬ್ಬರ ಫೋಟೋನೇ ಹಾಕಿದ್ರು. ಇಬ್ಬರ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3, ಆದ್ರೆ ಯುಡ್ಕಿನ್ ಮೈಲಿ ಕೊಬ್ಬು 9.1%, ಯಾಜ್ನಿಕ್ ಮೈಲಿ 21.2%. ಅದೇ ನಮ್ಮ ಕಥೆ, ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ.

ಇನ್ನು ಅಡುಗೆಮನೆ. ಇಲ್ಲೇ ಎಲ್ಲಾ ಇರೋದು, ಇಲ್ಲೇ ಯಾರಿಗೂ ಕೇಳೋಕೆ ಇಷ್ಟ ಇಲ್ಲ. ಬೆಳಿಗ್ಗೆ ಉಪ್ಪಿಟ್ಟು ಇಲ್ಲ ಚಿತ್ರಾನ್ನ, ಮಧ್ಯಾಹ್ನ ಅನ್ನ, ಸಾರು, ಆಮೇಲೆ ಮೊಸರಿಗೆ ಅಂತ ಇನ್ನೊಂದ್ಸಲ ಅನ್ನ, ಸಾಯಂಕಾಲ ಕಾಫಿ ಜೊತೆ ನಿಪ್ಪಟ್ಟು, ರಾತ್ರಿ ಚಪಾತಿ "ಲೈಟಾಗಿ", ಆಮೇಲೆ ಸ್ವಲ್ಪ ಅನ್ನ. ತಿಳಿಸಾರಲ್ಲಿ ಬೇಳೆ ಹುಡುಕಬೇಕು. 2025ರಲ್ಲಿ ಬಂದ ಇಂಡಿಯಾಬ್ ಆಹಾರದ ಲೆಕ್ಕದಲ್ಲಿ ನಾವು ತಿನ್ನೋ ಕ್ಯಾಲೊರಿಲಿ ಸುಮಾರು 62% ಕಾರ್ಬೋಹೈಡ್ರೇಟ್, ಪ್ರೋಟೀನ್ 12%. ರಾಗಿಗೆ ಬದಲಾಯಿಸಿದೀನಿ ಅಂತಾರೆ, ಒಳ್ಳೇದೇ, ಕ್ಯಾಲ್ಸಿಯಂ ಇದೆ, ನಾರಿದೆ, ಹೊತ್ತು ಹೋಗೋ ತನಕ ಹಸಿವಾಗಲ್ಲ. ಆದ್ರೆ 100 ಗ್ರಾಂ ರಾಗಿಲಿ ಸುಮಾರು 320 ಕ್ಯಾಲೊರಿ, ಅಕ್ಕಿಲಿ 350 ಚಿಲ್ಲರೆ, ಪ್ರೋಟೀನ್ ಎರಡರಲ್ಲೂ 7-8 ಗ್ರಾಂ. ನಮ್ಮ ತಾತ ಎರಡು ಮುದ್ದೆ ತಿಂತಿದ್ರು ಅನ್ನೋರು, ತಾತ ಆಮೇಲೆ ಏನು ಮಾಡ್ತಿದ್ರು ಅನ್ನೋದನ್ನೂ ನೆನಪಿಸ್ಕೊಳ್ಳಿ, ಲ್ಯಾಪ್‌ಟಾಪ್ ಮುಂದೆ ಅಂತೂ ಕೂರ್ತಿರಲಿಲ್ಲ.

ಒಂದು ಕೆಜಿ ಕೊಬ್ಬು ಅಂದ್ರೆ ಹೆಚ್ಚುಕಡಿಮೆ 7,700 ಕ್ಯಾಲೊರಿ. ದಿನಕ್ಕೆ 400 ಕಡಿಮೆ ಮಾಡಿದ್ರೂ ಒಂದು ಕೆಜಿಗೆ ಸುಮಾರು 19 ದಿನ. ಈ 400 ಅನ್ನೋದು ಉಪವಾಸ ಅಲ್ಲ, ಒಗ್ಗರಣೆಲಿ ಒಂದು ದೊಡ್ಡ ಚಮಚ ಎಣ್ಣೆ ಕಮ್ಮಿ ಮಾಡಿದ್ರೆ ಅದೇ 120, ಎರಡನೇ ಸಲದ ಅನ್ನ ಬಿಟ್ರೆ ಒಂದಿಷ್ಟು, ಸಾಯಂಕಾಲದ ಕುರುಕಲು ಬಿಟ್ರೆ ಲೆಕ್ಕ ಸರಿಹೋಯ್ತು. ಆ ಜಾಗಕ್ಕೆ ಮೊಳಕೆ ಹುರುಳಿ, ಹೆಸರುಕಾಳು, ಅವರೆಕಾಳು, ಮೊಟ್ಟೆ, ಮೀನು, ಏನು ತಿಂತೀರೋ ಅದು ಬರಲಿ. ಕೋಸಂಬರಿನ ಬಾಳೆ ಎಲೆ ತುದಿಲಿ ಒಂದು ಚಮಚ ಬಡಿಸೋ ಬದಲು ಬಟ್ಟಲು ತುಂಬ ತಿನ್ನಿ ಅಂತೀನಿ ನಾನು. ಜೀರಿಗೆ ನೀರು, ನಿಂಬೆ-ಜೇನು ಬಿಸಿನೀರು ಬಗ್ಗೆ ಕೇಳಬೇಡಿ, ಕುಡಿದ್ರೆ ತಪ್ಪಿಲ್ಲ, ಜೇನು ಸಕ್ಕರೆನೇ ಅನ್ನೋದು ನೆನಪಿರಲಿ. ಲಾಲ್‌ಬಾಗ್‌ನಲ್ಲಿ ಎರಡು ರೌಂಡ್ ಹಾಕಿ ಸೀದಾ ಎಂಟಿಆರ್‌ಗೆ ಹೋಗಿ ಮಸಾಲೆ ದೋಸೆ ಹೊಡೆಯೋರು ಸುಖವಾಗಿರಲಿ, ಅವರನ್ನ ನಾನು ಏನೂ ಅನ್ನಲ್ಲ, ಟೇಪು ಮಾತ್ರ ತರಬೇಡಿ ಅಂತೀನಿ.

ಸ್ನಾಯು ವಿಷಯಕ್ಕೆ ಬರೋಣ, ಇದು ನನ್ನ ಕೆಲಸ. ಮಲಗಿ ತಲೆ-ಭುಜ ಎತ್ತೋ ಕ್ರಂಚಸ್, ಕಾಲು ಎತ್ತೋ ಲೆಗ್ ರೈಸ್ ವಿಡಿಯೋ ನೋಡ್ಕೊಂಡು ಮಾಡಿ ಸೊಂಟನೋವು ಬರಿಸ್ಕೊಂಡು ಬರೋರು ಕಮ್ಮಿ ಇಲ್ಲ. ಎರಡೂ ಕಾಲು ಒಟ್ಟಿಗೆ ಎತ್ತಿ ಇಳಿಸ್ತೀರಲ್ಲ, ಅದರಲ್ಲಿ ಕಾಲು ಎತ್ತೋದು ಹೊಟ್ಟೆ ಸ್ನಾಯು ಅಲ್ಲ, ಸೊಂಟದ ಬೆನ್ನುಮೂಳೆಯಿಂದ ತೊಡೆಗೆ ಬರೋ ಸೋವಾಸ್ ಅನ್ನೋ ಸ್ನಾಯು. ಹೊಟ್ಟೆ ವೀಕ್ ಇದ್ರೆ ಅದು ಬೆನ್ನುಮೂಳೆನೇ ಮುಂದಕ್ಕೆ ಎಳೆಯುತ್ತೆ, ಸೊಂಟ ನೆಲ ಬಿಟ್ಟು ಕಮಾನಾಗುತ್ತೆ, ನೋವು ಶುರು. ನಾನು ಮೊದಲು ಕೊಡೋದು ಡೆಡ್ ಬಗ್. ಅಂಗಾತ ಮಲಗಿ, ಕೈ ಮೇಲಕ್ಕೆ, ಮಂಡಿ ಮಡಚಿ ಕಾಲು ಗಾಳಿಲಿ, ಸೊಂಟ ನೆಲಕ್ಕೆ ಒತ್ತಿರಲಿ. ಆಮೇಲೆ ಉಸಿರು ಬಿಡ್ತಾ ಬಲಗೈ ಎಡಗಾಲು ನಿಧಾನಕ್ಕೆ ಇಳಿಸಿ, ವಾಪಸ್ ತಂದು ಇನ್ನೊಂದು ಕಡೆ. ಸೊಂಟ ನೆಲ ಬಿಡ್ತು ಅಂದ್ರೆ ಅಲ್ಲಿಗೇ ನಿಲ್ಲಿಸಿ. ನೋಡೋಕೆ ಮಕ್ಕಳಾಟ, ಮಾಡಿ ನೋಡಿ ಗೊತ್ತಾಗುತ್ತೆ. ಜೊತೆಗೆ ಮೊಣಕೈ ಊರಿ ಮೈ ನೇರವಾಗಿ ಹಿಡಿಯೋ ಪ್ಲ್ಯಾಂಕ್, ಅದನ್ನೇ ಪಕ್ಕಕ್ಕೆ ತಿರುಗಿ ಮಾಡೋ ಸೈಡ್ ಪ್ಲ್ಯಾಂಕ್, ಕೈ-ಮಂಡಿ ಊರಿ ನಿಂತು ಎದುರು-ಬದುರು ಕೈಕಾಲು ಚಾಚೋ ಬರ್ಡ್ ಡಾಗ್, ವಾರದಲ್ಲಿ ಮೂರು ದಿನ ಸಾಕು. ಬಸ್ಕಿ ಬಿಡಬೇಡಿ, ದೊಡ್ಡ ಸ್ನಾಯು ಕೆಲಸ ಮಾಡಿದಷ್ಟೂ ಲಾಭ. ದಸರಾ ಕುಸ್ತಿಲಿ ಲಂಗೋಟಿ ಮೇಲೆ ಹೊಟ್ಟೆ ಕಾಣೋ ಪೈಲ್ವಾನರು ಬೇಕಾದಷ್ಟು ಜನ, ಆದ್ರೂ ಎದುರಾಳಿನ ಎತ್ತಿ ಒಗೀತಾರಲ್ಲ, ಗರಡಿ ಮನೆಲಿ ದಂಡ ಹೊಡೆದ ಹೊಟ್ಟೆ ಅದು. ಗೆರೆ ಕಾಣದಿದ್ದ ಮಾತ್ರಕ್ಕೆ ವೀಕ್ ಅಂತ ಅಲ್ಲ.

ಹೆರಿಗೆ ಆದವ್ರಿಗೆ ಬೇರೆ ಮಾತು. ಬಸುರಿಲಿ ಹೊಟ್ಟೆಯ ಆ ಉದ್ದನೆ ಸ್ನಾಯುವಿನ ಎಡ-ಬಲ ಭಾಗದ ನಡುವಿನ ನಾರಿನ ಗೆರೆ ಅಗಲ ಆಗುತ್ತೆ, ಎಷ್ಟೋ ಜನಕ್ಕೆ ಅದು ಪೂರ್ತಿ ಕೂಡ್ಕೊಳ್ಳೋದೇ ಇಲ್ಲ. ಇವರು ಬೊಜ್ಜು ಅಂದ್ಕೊಂಡು ಕ್ರಂಚಸ್ ಹೊಡೀತಾರೆ, ಹೊಟ್ಟೆ ನಡುವೆ ಗೋಪುರದ ಥರ ಉಬ್ಬುತ್ತೆ. ಮಂಡಿ ಮಡಚಿ ಮಲಗಿ ತಲೆ ಸ್ವಲ್ಪ ಎತ್ತಿ ಹೊಕ್ಕಳ ಹತ್ರ ಬೆರಳಿಟ್ಟು ನೋಡಿ, ಎರಡು ಬೆರಳಿಗಿಂತ ಜಾಸ್ತಿ ಅಗಲದ ಸಂದು ಸಿಕ್ಕಿದ್ರೆ ವಿಡಿಯೋ ಬಿಟ್ಟು ಫಿಸಿಯೋ ಹತ್ರ ಹೋಗಿ. ಅಜ್ಜಿಯಂದಿರು ಬಾಣಂತಿಗೆ ಹೊಟ್ಟೆ ಕಟ್ಟೋದು ಆಸರೆಗೆ ಒಳ್ಳೇದು, ಕೊಬ್ಬು ಅದರಿಂದ ಹೋಗಲ್ಲ. ಅತ್ತೆ ಒಂದು ಕಡೆ ಅಂಟಿನುಂಡೆ ತಿನ್ನಿಸ್ತಾ ಇನ್ನೊಂದು ಕಡೆ "ಹೊಟ್ಟೆ ಕಟ್ಟಿಸ್ಕೊಳ್ಳಲಿಲ್ಲ ಅದಕ್ಕೇ ಹಿಂಗಾಗಿದ್ದು" ಅಂದ್ರೆ ತಲೆ ಕೆಡಿಸ್ಕೊಬೇಡಿ. ಸಿಸೇರಿಯನ್ ಆದವ್ರು ಡಾಕ್ಟರ್ ಹೂಂ ಅನ್ನೋ ತನಕ ಕಾಯಲೇಬೇಕು.

ಕೈಕಾಲು ಸಣ್ಣ ಆಗ್ತಾ ಹೊಟ್ಟೆ ಮಾತ್ರ ಊದ್ತಾ ಇದ್ರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂಗೆ ಆದ್ರೆ, ಅದು ಬೊಜ್ಜಲ್ಲ, ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಇನ್ನು "ಮುಂದಿನ ತಿಂಗಳು ತಂಗಿ ಮದುವೆ ಮೇಡಂ, ಅಷ್ಟರಲ್ಲಿ ಕೆಳಹೊಟ್ಟೆ ಇಳೀಬೇಕು" ಅನ್ನೋರಿಗೆ: ತಿಂಗಳಿಗೆ ಎರಡು ಕೆಜಿ ಇಳಿದ್ರೆ ಅದೇ ಚೆನ್ನಾಗಿ ಇಳಿದಂಗೆ, ಕೆಳಹೊಟ್ಟೆಗೆ ಅದು ಗೊತ್ತೂ ಆಗಲ್ಲ. ಲೆಹೆಂಗಾ ಹೊಲಿಯೋ ಟೇಲರಿಗೆ ಸೊಂಟದ ಹತ್ರ ಒಂದಿಂಚು ಬಟ್ಟೆ ಒಳಗೆ ಬಿಡೋಕೆ ಹೇಳಿ, ಮದುವೆ ಮುಗಿಸ್ಕೊಂಡು ಬನ್ನಿ, ಆಮೇಲೆ ಶುರು ಮಾಡೋಣ.