ಕಾರ್ಟೂನಿನ ಟೈಟಲ್ ಕಾರ್ಡಿನಲ್ಲೇ ತಮಾಷೆ ಶುರುವಾಗಬೇಕಾ?

ಪರ: ಹೌದು, ಮೊದಲ ಸೆಕೆಂಡಿನಿಂದಲೇ

1941ರ 'ಟಾರ್ಟಾಯ್ಸ್ ಬೀಟ್ಸ್ ಹೇರ್' ಹಾಕಿ ನೋಡಿ. ಚಿತ್ರದ ಹೆಸರು, ಮಾಡಿದವರ ಹೆಸರುಗಳಿರುವ ಟೈಟಲ್ ಕಾರ್ಡ್ ಬರುತ್ತದೆ. ಇದು ಮುಗಿದರೆ ಸಾಕಪ್ಪ, ಕಥೆ ಶುರುವಾಗಲಿ ಅಂತ ನಾವು ಕಾಯುತ್ತಿರುತ್ತೇವೆ. ಅಷ್ಟರಲ್ಲಿ ಬಗ್ಸ್ ಬನ್ನಿ ಅನ್ನುವ ಮೊಲ ಕ್ಯಾರೆಟ್ ಕಡಿಯುತ್ತಾ ಆ ಅಕ್ಷರಗಳ ಮುಂದೆಯೇ ನಡೆದು ಬರುತ್ತಾನೆ, ನಿಂತು ಅಲ್ಲಿರುವ ಹೆಸರುಗಳನ್ನು ಜೋರಾಗಿ ಓದುತ್ತಾನೆ, ಅದೂ ತಪ್ಪು ತಪ್ಪಾಗಿ. ನಿರ್ದೇಶಕ ಟೆಕ್ಸ್ ಏವರಿಯ ಹೆಸರನ್ನೂ ಬಿಡುವುದಿಲ್ಲ. ಕೊನೆಗೆ ಚಿತ್ರದ ಹೆಸರು ಅವನ ತಲೆಗೆ ಹೋಗುತ್ತದೆ: ಆಮೆ ಮೊಲವನ್ನು ಸೋಲಿಸುತ್ತದಂತೆ! ಮೈಯೆಲ್ಲಾ ಉರಿದು ಕಾರ್ಡನ್ನೇ ಹರಿದು ಹಾಕಿ, ಆಮೆಯ ಮನೆಗೆ ನುಗ್ಗಿ ಹತ್ತು ಡಾಲರ್ ಬಾಜಿ ಕಟ್ಟುತ್ತಾನೆ.

ಇದು ಸುಮ್ನೆ ಅಲಂಕಾರ ಅಲ್ಲ. ಜಗಳಕ್ಕೆ ಕಾರಣವೇ ಟೈಟಲ್. ಅದನ್ನು ತೆಗೆದರೆ ಮೊಲಕ್ಕೆ ಸಿಟ್ಟು ಬಂದದ್ದು ಯಾಕೆ ಅಂತಲೇ ಗೊತ್ತಾಗುವುದಿಲ್ಲ.

ನಿರ್ದೇಶಕ ಚಕ್ ಜೋನ್ಸ್ ಅವರ 'ಡಕ್ ಅಮಕ್' (1953) ಇನ್ನೂ ಜಾಣ. ಟೈಟಲ್ ನೋಡಿದರೆ ಹಳೇ ಕತ್ತಿವರಸೆಯ ಕಥೆ ಅನ್ನಿಸುತ್ತದೆ. ಬಾತುಕೋಳಿ ಡ್ಯಾಫಿಯೂ ಅದೇ ವೇಷದಲ್ಲಿ ಕತ್ತಿ ಬೀಸುತ್ತಾ ಬರುತ್ತಾನೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಿನ್ನೆಲೆಯ ಚಿತ್ರವೇ ಖಾಲಿ! ಬರೀ ಬಿಳಿ. ಟೈಟಲ್ ನಮ್ಮನ್ನು ನಂಬಿಸಿದ್ದಕ್ಕೇ ಆ ಬಿಳಿ ಅಷ್ಟು ಜೋರಾಗಿ ತಟ್ಟುವುದು. ಕಾರ್ಟೂನ್ ಇರುವುದೇ ಏಳು ನಿಮಿಷ, ಅದರಲ್ಲಿ ಅರ್ಧ ನಿಮಿಷ ಯಾಕೆ ದಂಡ ಮಾಡಬೇಕು?

ವಿರೋಧ: ಬೇಡ, ಆ ಬಳೆಗಳೇ ಚೆನ್ನ

ವಾರ್ನರ್ ಸ್ಟುಡಿಯೋದ ಕಾರ್ಟೂನುಗಳ ಶುರುವಿನಲ್ಲಿ ಒಂದರೊಳಗೊಂದು ಬಣ್ಣದ ಬಳೆಗಳು, ನಡುವಿನಿಂದ ಮುಂದಕ್ಕೆ ಹಾರಿ ಬರುವ ಗುರಾಣಿಯ ಲಾಂಛನ, ಜೊತೆಗೆ 'ಟೊಂಯ್' ಅಂತ ಗಿಟಾರ್. ಪಕ್ಕದ ಕೋಣೆಯಲ್ಲಿ ಹೋಂವರ್ಕ್ ಮಾಡ್ತಾ ಕೂತಿದ್ದರೂ ಆ ಸದ್ದು ಕಿವಿಗೆ ಬಿದ್ದರೆ ಪೆನ್ಸಿಲ್ ಬಿಟ್ಟು ಓಡಿ ಬರುತ್ತಿದ್ದೆ. ಪ್ರತಿ ಸಲ ಬೇರೆ ಬೇರೆ ಆಗಿದ್ದರೆ ಓಡುತ್ತಿದ್ದೆನಾ?

ಚಕ್ ಜೋನ್ಸ್ 1960ರ ದಶಕದಲ್ಲಿ ಮಾಡಿದ ಟಾಮ್ ಅಂಡ್ ಜೆರ್ರಿಯಲ್ಲಿ ಎಂಜಿಎಂ ಸ್ಟುಡಿಯೋದ ಲಾಂಛನದ ಸಿಂಹ ಗರ್ಜಿಸುತ್ತದೆ, ಮರುಕ್ಷಣ ಅದೇ ಜಾಗದಲ್ಲಿ ಟಾಮ್ ಕಿರುಚುತ್ತಾನೆ. ನಗು ಬರುತ್ತದೆ, ಒಪ್ಪುತ್ತೇನೆ. ಆದರೆ ವರ್ಷಗಟ್ಟಲೆ ಸಿಂಹ ತಪ್ಪದೆ ಗರ್ಜಿಸಿದ್ದರಿಂದ ತಾನೇ ಆ ನಗು?

ವಿಚಿತ್ರವೇ ಮಾಮೂಲಾದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. 'ನೌ ಹಿಯರ್ ದಿಸ್' ಅನ್ನುವ ಪ್ರಯೋಗದ ಚಿತ್ರಕ್ಕೆ ಜೋನ್ಸ್ ಬರೀ ಗೆರೆ, ಆಕಾರಗಳ ಆರಂಭ ಮಾಡಿದ್ದರು. ಆ ಚಿತ್ರಕ್ಕೆ ಅದು ಸರಿಯಾಗಿತ್ತು. 1964ರ ನಂತರ ಅದನ್ನೇ ವಾರ್ನರ್‌ನ ಎಲ್ಲ ಕಾರ್ಟೂನುಗಳಿಗೂ ಅಂಟಿಸಿದರು. ಡ್ಯಾಫಿ ಬರುವ ಮೊದಲೇ ನನಗಂತೂ ಚಳಿ ಹಿಡಿದಂತಾಗುತ್ತದೆ.

ಇನ್ನು ಹೆಸರುಗಳ ವಿಷಯ. ಇದೇ ನನಗೆ ಜಾಸ್ತಿ ನೋವಿನದು. 1940ರ ದಶಕದ ಆರಂಭದಲ್ಲಿ ವಾರ್ನರ್ ಕಾರ್ಟೂನುಗಳಲ್ಲಿ ಚಿತ್ರ ಬಿಡಿಸಿದವರಲ್ಲಿ ಒಬ್ಬರ ಹೆಸರು ಮಾತ್ರ ಹಾಕುತ್ತಿದ್ದರು. 1943ರಿಂದ 'ಬ್ಲೂ ರಿಬ್ಬನ್' ಅಂತ ಹಳೆಯವನ್ನು ಮತ್ತೆ ಬಿಡುಗಡೆ ಮಾಡುವಾಗ ಮೂಲ ಟೈಟಲ್‌ಗಳನ್ನೇ ಕತ್ತರಿಸಿದರು, ಎಷ್ಟೋ ಜನರ ಹೆಸರು ಅದರೊಂದಿಗೆ ಹೋಯಿತು. ಹಾಗಿರುವಾಗ ಉಳಿದ ಕಾರ್ಡನ್ನೂ ತಪ್ಪಾಗಿ ಓದಿ ಹರಿಯಬೇಕಾ? ಆ ಹೆಸರುಗಳನ್ನು ಓದುವ ಮೊಲದ ದನಿ ಮೆಲ್ ಬ್ಲಾಂಕ್ ಅವರದು. ಅವರ ಹೆಸರು ಆ ಕಾರ್ಡಿನಲ್ಲಿ ಇಲ್ಲವೇ ಇಲ್ಲ.