ರೇಡಿಯೇಟರ್‌ಗೆ ಅರಿಶಿನ ಹಾಕಿದರೆ ಸೋರಿಕೆ ನಿಲ್ಲುತ್ತದೆಯೇ?

“ಕೂಲಂಟ್ ನಿಧಾನವಾಗಿ ಸೋರುತ್ತಿದ್ದರೆ ಎರಡು ಚಮಚ ಅರಿಶಿನ ಹಾಕಿ, ನಲ್ಲಿ ನೀರು ತುಂಬಿಸಿ, ಖರ್ಚೇ ಇಲ್ಲ” ಎಂಬ ಸಂದೇಶ ಪುಣೆಯ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮತ್ತೆ ಹರಿದಾಡುತ್ತಿದೆ. (ಕೂಲಂಟ್ ಎಂದರೆ ಎಂಜಿನ್ ತಣಿಸಲು ರೇಡಿಯೇಟರಿನಲ್ಲಿ ಹರಿಯುವ ದ್ರವ.)

ಇದು ಅರ್ಧ ಸತ್ಯ. ಅರಿಶಿನದ ಪುಡಿ ನೆನೆದು ಉಬ್ಬಿ ಸಣ್ಣ ರಂಧ್ರವನ್ನು ತಾತ್ಕಾಲಿಕವಾಗಿ ಮುಚ್ಚಬಲ್ಲದು. ಆದರೆ ಸೋರುವ ರಂಧ್ರ ಯಾವುದು, ರೇಡಿಯೇಟರಿನ ಕಿರಿದಾದ ಕೊಳವೆ ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಹೀಗೆ ಕೆಸರು ಕಟ್ಟಿದ ಗಾಡಿ ಊರೊಳಗೆ ಸುಮ್ಮನಿದ್ದು, ಬೆಳಗಾವಿಯ ದಾರಿಯಲ್ಲಿ ಖಂಬಾಟ್ಕಿ ಘಾಟ್ ಏರುವಾಗ ಕುದಿಯಬಹುದು. ಬರೀ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಕೂಲಂಟ್ ಆಗಿ ಬಳಸುವ ಎಥಿಲೀನ್ ಗ್ಲೈಕಾಲ್ ಮತ್ತು ನೀರಿನ ಸಮಪಾಲು ಮಿಶ್ರಣ ಸುಮಾರು 107ರಲ್ಲಿ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಹಿಡಿದಿಡುವ ಒತ್ತಡ ಆ ಮಿತಿಯನ್ನು ಇನ್ನೂ ಮೇಲಕ್ಕೆ ಒಯ್ಯುತ್ತದೆ. ನಲ್ಲಿ ನೀರಿನ ಲವಣಗಳಾದರೋ ಒಳಗೆ ಪದರ ಕಟ್ಟುತ್ತವೆ.

ಮನೆಯಲ್ಲಿ ಮಾಡಬಹುದಾದದ್ದು ಹುಡುಕಾಟ. ರಾತ್ರಿ ಎಂಜಿನ್ನಿನ ಕೆಳಗೆ ಹಳೆಯ ರಟ್ಟು ಹಾಸಿ, ಬೆಳಿಗ್ಗೆ ಕಲೆ ಎಲ್ಲಿದೆ ಎಂದು ನೋಡಿ (ಬಣ್ಣವಿಲ್ಲದ ನೀರಾದರೆ ಅದು ಎಸಿಯದಾಗಿರಬಹುದು). ರಬ್ಬರ್ ಕೊಳವೆಯನ್ನು (ಹೋಸ್) ಬಿಗಿದಿಡುವ ಪಟ್ಟಿಯಾದ ಕ್ಲಾಂಪಿನ ಸುತ್ತ ಹಸಿರು ಅಥವಾ ಗುಲಾಬಿ ಬಣ್ಣದ ಪುಡಿ ಒಣಗಿ ಅಂಟಿದ್ದರೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಲಾಂಪ್ ಬಿಗಿಗೊಳಿಸಿ; ಬಿರುಕು ಬಿಟ್ಟ ಹೋಸನ್ನೂ ರಬ್ಬರ್ ಸವೆದ ಮುಚ್ಚಳವನ್ನೂ ಬದಲಾಯಿಸಿ. ಬಿಸಿಯಿರುವಾಗ ಮುಚ್ಚಳ ಮುಟ್ಟಲೇಬೇಡಿ. ಚೆಲ್ಲಿದ ಕೂಲಂಟನ್ನು ತಕ್ಷಣ ಒರೆಸಿ: ಸಿಹಿಯಾದ ಈ ವಿಷವನ್ನು ನಾಯಿಗಳು ನೆಕ್ಕುತ್ತವೆ. ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವೆ ಸೋರದಂತೆ ತಡೆಯುವ ತೆಳು ಪದರ) ಹೋಗಿರಬಹುದು, ಗಾಡಿ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ.