ಸರ್ವರ್ ಏರಿದ ‘ಸದರಿ’

ಟ್ರಸ್ಟಿನ ಲೆಕ್ಕಕ್ಕೆ ಒಂದು ವೆಬ್ ಅಪ್ಲಿಕೇಶನ್ ಬೇಕು ಅನ್ನುವವರೆಲ್ಲ ಮೊದಲು ಕೇಳುವುದು, ‘ಸರ್ವರ್‌ಗೆ ಎಷ್ಟಾಗತ್ತೆ?’ ಎಕ್ಸೆಲ್ ಶೀಟಿಗೆ ಎಷ್ಟಾಗತ್ತೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಮೈ ಉರಿಯುವುದೇ ಅಲ್ಲಿ.

ಸರ್ವರ್ ಎಷ್ಟೋ ವಾಸಿ. 1 ಜಿಬಿ ರ‍್ಯಾಮಿನ ಸಣ್ಣ ಮಷೀನಿಗೆ ಉಬುಂಟು ಹಾಕಿ, ಮೆಮೊರಿ ತುಂಬಿದಾಗ ಡಿಸ್ಕಿನಲ್ಲಿ ಎರವಲು ಸಿಗುವಂತೆ 2 ಜಿಬಿ ಜಾಗ (ಅದೇ ಸ್ವಾಪ್) ಮಾಡಿಟ್ಟರೆ ಹತ್ತು ಜನರ ಆಫೀಸಿಗೆ ಧಾರಾಳ. (ಸ್ವಾಪ್ ಇಲ್ಲದಿದ್ದರೆ ರಶೀದಿಗಳನ್ನೆಲ್ಲ ಒಟ್ಟಿಗೆ ಪಿಡಿಎಫ್ ಮಾಡುವ ದಿನ ಮೆಮೊರಿ ಸಾಲದೆ ಲಿನಕ್ಸ್ ಯಾವುದಾದರೊಂದು ಪ್ರೋಗ್ರಾಮಿನ ಕತ್ತು ಹಿಸುಕುತ್ತದೆ.) ಅಪ್ಲಿಕೇಶನ್ ಬರೆಯಲು ಜಾಂಗೋ, ಡೇಟಾ ಇಡಲು ಪೋಸ್ಟ್‌ಗ್ರೆಸ್, ಮುಂದೆ ಬಾಗಿಲು ಕಾಯಲು ಎಂಜಿನ್‌ಎಕ್ಸ್. ಏನಾದರೂ ಕೆಟ್ಟರೆ ಅವು ಬಾಯಿಬಿಟ್ಟು ಹೇಳುತ್ತವೆ. ಪರದೆಯ ಮೇಲೆ 400 ಅನ್ನುವ ಎರರ್ ಕೋಡ್ ಬಂತೆಂದರೆ ಜಾಂಗೋದ ಅಲೌಡ್ ಹೋಸ್ಟ್ಸ್ ಪಟ್ಟಿಗೆ ಡೊಮೇನ್ ಸೇರಿಸಿಲ್ಲವೇನೋ ನೋಡಿ. 502 ಬಂದರೆ ಹಿಂದೆ ಜಾಂಗೋವನ್ನು ಓಡಿಸುವ ಗುನಿಕಾರ್ನ್ ಮಲಗಿದೆ. 413 ಬಂದರೆ ಯಾರೋ 1 ಎಂಬಿಗಿಂತ ದೊಡ್ಡದಾದ ಚೆಕ್ಕಿನ ಫೋಟೊ ಹಾಕಲು ಹೋಗಿದ್ದಾರೆ, ಎಂಜಿನ್‌ಎಕ್ಸ್‌ನ ಮಿತಿ ಏರಿಸಿ. ತಪ್ಪು ಹುಡುಕಲು ಇಟ್ಟುಕೊಂಡಿದ್ದ ಡೀಬಗ್ ಸೆಟ್ಟಿಂಗನ್ನು ಆಫ್ ಮಾಡಿದೊಡನೆ ಪುಟ ಬಣ್ಣವೆಲ್ಲ ಕಳಚಿ ಬೋಳಾಗಿ ನಿಂತರೆ ಬಣ್ಣ, ವಿನ್ಯಾಸ, ಚಿತ್ರಗಳಿರುವ ಸ್ಟ್ಯಾಟಿಕ್ ಫೈಲುಗಳ ಕಡೆ ನೋಡಬೇಕು.

ಖಜಾಂಚಿಗಳು ಯಾವ ಎರರ್ ಕೋಡನ್ನೂ ಕೊಡುವುದಿಲ್ಲ.

ದಾನಿಗಳ ಪಟ್ಟಿಯನ್ನು ಅವರು ವರ್ಷಗಟ್ಟಲೆ ಶ್ರದ್ಧೆಯಿಂದ ಎಕ್ಸೆಲ್‌ನಲ್ಲಿ ಬರೆದಿರುತ್ತಾರೆ, ಖಾತೆ ಪುಸ್ತಕದಲ್ಲಿ ಬರೆಯುತ್ತಿದ್ದ ಹಾಗೆಯೇ. 41ನೇ ಸಾಲಿನಲ್ಲಿ ದಾವಣಗೆರೆಯ ವರ್ತಕರು: ಮನೆ ನಂಬರು, ಬೀದಿ, ಪಿನ್‌ಕೋಡ್, ಎಲ್ಲ ಇದೆ. 42ರಲ್ಲಿ ಅವರ ಹೆಂಡತಿ, ವಿಳಾಸ: ಸದರಿ. 43ರಲ್ಲಿ ಮಗ: ಸದರಿ. 44ರಲ್ಲಿ ತಮ್ಮ: ‘ಸದರಿ, ಮಹಡಿ ಮೇಲೆ’.

ಇಲ್ಲಿಯವರೆಗೆ ತಪ್ಪೇನಿಲ್ಲ. ಆದರೆ ಶೀಟು ಕಳಿಸುವ ಮುನ್ನ, ದೊಡ್ಡ ದಾನಿಗಳು ಮೇಲೆ ಬರಲಿ ಎಂಬ ಸದುದ್ದೇಶದಿಂದ, ಖಜಾಂಚಿಗಳು ಮೊತ್ತದ ಕಾಲಮ್ಮಿನ ಮೇಲೆ ಒಮ್ಮೆ ಕೈಯಾಡಿಸುತ್ತಾರೆ. ಒಂದೇ ಕ್ಲಿಕ್ಕಿಗೆ ಮಗ ಬೀದರಿಗೆ ವರ್ಗ. ತಮ್ಮ ಮಡಿಕೇರಿಯಲ್ಲಿ ಯಾರದೋ ಮಹಡಿ ಮೇಲೆ. ಎಲ್ಲರಿಗಿಂತ ಹೆಚ್ಚು ಕೊಟ್ಟವರು ಹೆಂಡತಿಯಾದ್ದರಿಂದ ಅವರು ಪಟ್ಟಿಯ ತುತ್ತತುದಿಗೆ ಬಂದಿದ್ದಾರೆ. ಅವರ ಮೇಲೆ ಉಳಿದಿರುವುದು ಕಾಲಮ್ಮಿನ ತಲೆಬರಹ ಮಾತ್ರ. ಹಾಗಾಗಿ ಆ ತಾಯಿಯ ವಿಳಾಸ ಈಗ ‘ವಿಳಾಸ’.

‘ಸರ್, ಈ ಸದರಿ ಅಂದ್ರೆ ಯಾರ ಮನೆ?’

‘ಮೇಲಿನವರದ್ದೇ ಕಣ್ರೀ.’

‘ಮೇಲೆ ಈಗ ಬೇರೆಯವರಿದ್ದಾರಲ್ಲ?’

‘ಅವರು ಹೇಗೆ ಬಂದ್ರು ಅಲ್ಲಿಗೆ? ನಾನು ಕೂರಿಸಿಲ್ಲ.’

‘ಸಾರ್ಟ್ ಏನಾದ್ರೂ ಮಾಡಿದ್ರಾ?’

‘ಛೆ ಛೆ, ಅದೆಲ್ಲ ನಂಗೆ ಬರಲ್ಲ. ಸುಮ್ನೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ.’

ಕ್ರಮಸಂಖ್ಯೆಯನ್ನು ಕೈಯಲ್ಲಿ ಟೈಪ್ ಮಾಡಿದ್ದರೆ ಬದುಕಿದಿರಿ, ಅದರ ಪ್ರಕಾರ ಮತ್ತೆ ಜೋಡಿಸಿದರೆ ಸಂಸಾರ ಒಂದಾಗುತ್ತದೆ. ಸಾಲಿನ ನಂಬರು ತಾನೇ ಬರುವ ಫಾರ್ಮುಲಾ ಹಾಕಿದ್ದರೆ ಅದೂ ಹೊಸ ಜಾಗಕ್ಕೆ ಹೊಸ ನಂಬರು ತೊಟ್ಟು ಏನೂ ಆಗದವರಂತೆ ಕೂತಿರುತ್ತದೆ. ಆಗ ಹಳೇ ಬ್ಯಾಕಪ್ಪೇ ಗತಿ. ಮೂಲ ಕ್ರಮ ಸಿಕ್ಕ ಮೇಲೂ ನಿಜವಾಗಿ ಖಾಲಿ ಇರುವ ಕೋಶಗಳಿಗೆ ಮೊದಲು ‘ಇಲ್ಲ’ ಅಂತ ಗುರುತು ಹಾಕಿ. ಆಮೇಲೆ ‘ಸದರಿ’, ‘ಡಿಟ್ಟೊ’, ಎರಡು ಗೀಟು, ಕೊನೆಯಲ್ಲೊಂದು ಸ್ಪೇಸ್ ಇರುವ ‘ಸದರಿ’ ಇವನ್ನೆಲ್ಲ ಅಳಿಸಿ ಮೇಲಿನ ಸಾಲಿನಿಂದ ತುಂಬಬೇಕು. ಕ್ರಮ ತಪ್ಪಿದರೆ ವಿಳಾಸವೇ ಕೊಡದ ದಾನಿಗೂ ಪಕ್ಕದವರ ಮನೆ ಸಿಗುತ್ತದೆ.

ಇಷ್ಟೆಲ್ಲ ಒದ್ದಾಟ ಯಾಕೆಂದರೆ, 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ 80ಜಿ (ದಾನಿಗೆ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ) ಇರುವ ಸಂಸ್ಥೆ ವರ್ಷದ ದೇಣಿಗೆಗಳ ಪಟ್ಟಿಯನ್ನು ಫಾರ್ಮ್ 10ಬಿಡಿಯಲ್ಲಿ ಮೇ 31ರೊಳಗೆ ಸಲ್ಲಿಸಬೇಕು, ದಾನಿಯ ಪ್ಯಾನ್ ಅಥವಾ ಬೇರೆ ಗುರುತಿನ ಸಂಖ್ಯೆ, ವಿಳಾಸ ಸಮೇತ. ತಡವಾದರೆ ದಿನಕ್ಕೆ 200 ರೂಪಾಯಿ. ಪ್ಯಾನ್ ಕಾಲಮ್ಮಿನಲ್ಲೂ ‘ಸದರಿ’ ಬರೆದವರಿದ್ದಾರೆ.

‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಾದ ಸಾಲುಗಳು ಬ್ರೌಸರಿನಲ್ಲಿ ಯುರೋಪಿನ ಅಕ್ಷರಗಳಾಗಿ ಕಾಣುವುದು, ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದ್ದ ಕನ್ನಡ ರಶೀದಿ ಸರ್ವರಿನಲ್ಲಿ ಚೌಕಗಳ ಸಾಲಾಗುವುದು ಇದ್ದದ್ದೇ. ಮೊದಲನೆಯದಕ್ಕೆ ಯೂನಿಕೋಡ್ ಪರಿವರ್ತಕ, ಎರಡನೆಯದಕ್ಕೆ ನೋಟೊ ಫಾಂಟು. ಒತ್ತಕ್ಷರ ಪಕ್ಕಕ್ಕೆ ಜಾರಿ ಕೂತಿದ್ದರೆ ಪಿಡಿಎಫ್ ಲೈಬ್ರರಿಯನ್ನೇ ಬದಲಿಸಿ, ವೀಸಿಪ್ರಿಂಟ್ ಸರಿಯಾಗಿ ಜೋಡಿಸುತ್ತದೆ.

ಆದರೆ ಆ ಶೀಟಿನ ಕೊನೆಯ ಕಾಲಮ್ಮು, ‘ಷರಾ’, ಓದಲು ಕೂತರೆ ಸಿಟ್ಟು ಇಳಿಯುತ್ತದೆ. ‘ತೀರಿಕೊಂಡರು. ಮಗ ಮುಂದುವರಿಸುತ್ತಾನೆ.’ ‘ಮನೆಗೇ ಹೋಗಬೇಕು, ಕಾಫಿ ಕುಡಿಯದೆ ಬಂದರೆ ಬೇಜಾರು.’ ‘ಈ ಸಲ ಕೇಳುವುದು ಬೇಡ, ಮಳೆ ಆಗಿಲ್ಲ.’ ಹೊಸ ಅಪ್ಲಿಕೇಶನ್ನಿನಲ್ಲಿ ಇದಕ್ಕೆ ಜಾಗ ಇಡುವವರು ಕಡಿಮೆ. ಇಡಿ, ಅಕ್ಷರಗಳ ಮಿತಿ ಹಾಕದೆ ಇಡಿ.

ಒಪ್ಪಬೇಕಾದ ಇನ್ನೊಂದು ಮಾತು: ಖಜಾಂಚಿಗಳ ಲೆಕ್ಕಾಚಾರ ಸರಿಯಾಗಿಯೇ ಇತ್ತು. ವಿಳಾಸ ಇರುವುದು ಮನೆಗೆ, ಮನುಷ್ಯನಿಗಲ್ಲ. ಡೇಟಾಬೇಸಿನಲ್ಲಿ ಮನೆಗೊಂದು ಟೇಬಲ್ಲು, ದಾನಿಗೊಂದು ಟೇಬಲ್ಲು ಮಾಡಿ ಕೊಂಡಿ ಹಾಕಿದರೆ ನಾಲ್ಕು ಜನಕ್ಕೆ ಒಂದೇ ವಿಳಾಸ ಸಾಕು. ಯಾರು ಹೇಗೆ ಜೋಡಿಸಿದರೂ ಯಾರೂ ಬೀದರಿಗೆ ಹೋಗುವುದಿಲ್ಲ.

ಎಲ್ಲ ಮುಗಿದು ಅಪ್ಲಿಕೇಶನ್ ಶುರುವಾದ ದಿನವೇ ಅವರಿಗೆ ‘ಎಕ್ಸೆಲ್‌ಗೆ ಇಳಿಸು’ ಅನ್ನುವ ಬಟನ್ ಬೇಕಾಗುತ್ತದೆ. ಕೊಡಿ. ಇಳಿಯುವ ಸಿಎಸ್‌ವಿ ಫೈಲನ್ನು ಯುಟಿಎಫ್-8ರಲ್ಲಿ, ಅದು ಯುಟಿಎಫ್-8 ಎಂದು ಮೊದಲಲ್ಲೇ ಸಾರುವ ಬಿಒಎಂ ಗುರುತಿನ ಸಮೇತ ಕೊಡಿ, ಇಲ್ಲವಾದರೆ ಎಕ್ಸೆಲ್ ಕನ್ನಡವನ್ನು ಚಿಂದಿ ಮಾಡಿ ತೋರಿಸುತ್ತದೆ, ಆ ತಪ್ಪೂ ನಿಮ್ಮ ತಲೆಗೇ. ‘ಎಕ್ಸೆಲ್‌ನಿಂದ ಏರಿಸು’ ಬಟನ್ ಮಾತ್ರ, ಅಧ್ಯಕ್ಷರಿಂದಲೇ ಫೋನ್ ಮಾಡಿಸಿದರೂ, ಕೊಡಬೇಡಿ.